ಬ್ರೌಸರ್‌ನ ನೆಟ್‌ವರ್ಕ್ ಪ್ಯಾನೆಲ್: ಮೂರು ವಾರ ಫೋಟೋ ಹುಡುಕಿ ಸುಸ್ತಾದವನ ರಿವ್ಯೂ

"ನಿಮ್ಮ ಸೈಟ್‌ನಲ್ಲಿ ಫೋಟೋ ಬರ್ತಿಲ್ಲ."

ಈ ಮೆಸೇಜ್ ಬಂದಾಗಲೆಲ್ಲ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ. ಸೈಟ್ ತೆಗೆದು ನೋಡುತ್ತಿದ್ದೆ, ಎಲ್ಲಾ ಫೋಟೋ ಚೆನ್ನಾಗಿ ಕಾಣುತ್ತಿದ್ದವು. "ನನಗೆ ಬರ್ತಿದೆಯಲ್ಲ, ಒಂದ್ಸಲ ರಿಫ್ರೆಶ್ ಮಾಡಿ ನೋಡಿ" ಅಂತ ಉತ್ತರ ಹಾಕಿ ಮರೆತುಬಿಡುತ್ತಿದ್ದೆ. ಕೆಲವರಿಗೆ ರಿಫ್ರೆಶ್ ಮಾಡಿದರೂ ಬರುತ್ತಿರಲಿಲ್ಲ. ಇನ್ನು ಕೆಲವರಿಗೆ ಸಂಜೆ ಹೊತ್ತಿಗೆ ತಾನಾಗೇ ಸರಿಹೋಗುತ್ತಿತ್ತು. ಈ "ಸಂಜೆ ಹೊತ್ತಿಗೆ" ಅನ್ನೋ ಮಾತನ್ನು ಮೊದಲ ದಿನವೇ ಹಿಡಿದುಕೊಂಡಿದ್ದರೆ ಮೂರು ವಾರ ಉಳಿಯುತ್ತಿತ್ತು, ಆದರೆ ಯಾರು ಅಷ್ಟು ಯೋಚನೆ ಮಾಡುತ್ತಾರೆ ಹೇಳಿ.

ಸೈಟ್ ಪೂರ್ತಿ ಬಿದ್ದುಹೋದರೆ ಒಳ್ಳೆಯದು. ಎಲ್ಲರಿಗೂ ಕಾಣುತ್ತದೆ, ಯಾರೋ ಒಬ್ಬರು ಸರಿಮಾಡುತ್ತಾರೆ. ಒಮ್ಮೆ ಬಂದು ಒಮ್ಮೆ ಬಾರದ ತೊಂದರೆ ಇದೆಯಲ್ಲ, ಅದು ಮೆಕ್ಯಾನಿಕ್ ಹತ್ತಿರ ತಂದು ನಿಲ್ಲಿಸಿದ ತಕ್ಷಣ ಸದ್ದು ನಿಲ್ಲಿಸುವ ಸ್ಕೂಟರ್ ಇದ್ದ ಹಾಗೆ. ನಾವು ಸುಳ್ಳು ಹೇಳುತ್ತಿದ್ದೀವೇನೋ ಅಂತ ನಮಗೇ ಅನುಮಾನ ಬರುತ್ತದೆ.

ಕೊನೆಗೆ ಕಾರಣ ಸಿಕ್ಕಿದ್ದು ಬ್ರೌಸರ್ ಒಳಗೇ ಇರುವ ನೆಟ್‌ವರ್ಕ್ ಪ್ಯಾನೆಲ್‌ನಿಂದ. ಮೂರು ವಾರ ತಡವಾಗಿದ್ದಕ್ಕೂ ಅರ್ಧ ಕಾರಣ ಅದೇ ಪ್ಯಾನೆಲ್, ಅಂದರೆ ಅದು ಹೇಗೆ ಬಂದಿತ್ತೋ ಹಾಗೇ ಇಟ್ಟುಕೊಂಡು ನಾನು ಬಳಸಿದ್ದು. ಅದಕ್ಕೇ ಈ ರಿವ್ಯೂ.

ಗೊತ್ತಿಲ್ಲದವರಿಗೆ ಎರಡು ಮಾತು. ಕಂಪ್ಯೂಟರ್‌ನಲ್ಲಿ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಯಾವುದಾದರೂ ಸರಿ, ತೆರೆದು ಎಫ್12 ಒತ್ತಿ. ಡೆವಲಪರ್ ಟೂಲ್ಸ್ ತೆರೆದುಕೊಳ್ಳುತ್ತದೆ, ಅದರ ಮೇಲಿನ ಸಾಲಿನಲ್ಲಿ ನೆಟ್‌ವರ್ಕ್ ಅಂತ ಒಂದು ಟ್ಯಾಬ್. ಪುಟ ಲೋಡ್ ಆಗುವಾಗ ಬ್ರೌಸರ್ ಯಾವ ಯಾವ ಫೈಲ್ ಕೇಳಿತು, ಆ ಕಡೆಯಿಂದ ಏನು ಉತ್ತರ ಬಂತು, ಎಷ್ಟು ಹೊತ್ತು ಹಿಡಿಯಿತು, ಎಲ್ಲಾ ಒಂದೊಂದು ಸಾಲಾಗಿ ಬಂದು ಬೀಳುತ್ತದೆ. ದುಡ್ಡು ಕೊಡಬೇಕಿಲ್ಲ, ಇನ್‌ಸ್ಟಾಲ್ ಮಾಡಬೇಕಿಲ್ಲ. 2006ರಲ್ಲಿ ಜೋ ಹೆವಿಟ್ ಫೈರ್‌ಫಾಕ್ಸ್‌ಗೆ ಫೈರ್‌ಬಗ್ ಅನ್ನೋ ಎಕ್ಸ್‌ಟೆನ್ಷನ್ ಬಿಟ್ಟಾಗ ಇಂಥದ್ದನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಎಫ್12 ಒತ್ತುವ ಅಭ್ಯಾಸ ನನಗೆ ಬಂದದ್ದೂ ಅದರಿಂದಲೇ. 2017ರಲ್ಲಿ ಫೈರ್‌ಬಗ್ ನಿಂತುಹೋಯಿತು, ಅಷ್ಟೊತ್ತಿಗೆ ಬ್ರೌಸರ್‌ಗಳೇ ಅದನ್ನು ಒಳಗೆ ಸೇರಿಸಿಕೊಂಡಿದ್ದವು.

ಈಗ ಕಥೆಗೆ ಬರೋಣ. ನಮ್ಮದು ಹಕ್ಕಿ ಫೋಟೋಗಳ ಸಣ್ಣ ಸೈಟ್. ಒಂದು ಪುಟದಲ್ಲಿ 40 ಫೋಟೋ. ಪುಟ ಒಂದು ಡೊಮೇನ್‌ನಿಂದ ಬರುತ್ತದೆ, ಫೋಟೋಗಳು ಅದರದ್ದೇ ಇನ್ನೊಂದು ಸಬ್‌ಡೊಮೇನ್‌ನಿಂದ. ಒಂದು ತಿಂಗಳ ಹಿಂದೆ ಫೋಟೋಗಳನ್ನು ಹಳೆ ಸರ್ವರ್‌ನಿಂದ ಹೊಸದಕ್ಕೆ ಸಾಗಿಸಿದ್ದೆ. ದೂರು ಶುರುವಾಗಿದ್ದು ಅದಾದ ಮೇಲೆ.

ಮೊದಲ ದಿನವೇ ನಾನು ನೆಟ್‌ವರ್ಕ್ ಪ್ಯಾನೆಲ್ ತೆರೆದಿದ್ದೆ. ಏನೂ ಕಾಣಲಿಲ್ಲ. ಯಾಕೆ ಕಾಣಲಿಲ್ಲ ಅನ್ನೋದೇ ಈ ಪ್ಯಾನೆಲ್ ಬಗ್ಗೆ ನನ್ನ ದೊಡ್ಡ ತಕರಾರು. ಪ್ಯಾನೆಲ್ ತೆರೆದ ಮೇಲೆ ನಡೆದದ್ದನ್ನು ಮಾತ್ರ ಅದು ಬರೆದುಕೊಳ್ಳುತ್ತದೆ. ಯಾರಿಗೋ ಫೋಟೋ ಒಡೆದು ಕಾಣಿಸಿತು ಅನ್ನಿ, ಎಫ್12 ಒತ್ತಿದರು, ಪಟ್ಟಿ ಖಾಲಿ. ಪುಟ ರಿಲೋಡ್ ಮಾಡಿ ಅನ್ನುತ್ತದೆ. ರಿಲೋಡ್ ಮಾಡಿದರೆ ಫೋಟೋ ಬಂದುಬಿಡುತ್ತದೆ! ಯಾವಾಗಲೂ ಕೆಟ್ಟಿರುವ ವಿಷಯಕ್ಕೆ ಇದರಿಂದ ತೊಂದರೆಯಿಲ್ಲ. ಆಗೊಮ್ಮೆ ಈಗೊಮ್ಮೆ ಕೆಡುವುದಕ್ಕೆ ಮಾತ್ರ, ಕಳ್ಳ ಹೋದ ಮೇಲೆ ಕ್ಯಾಮೆರಾ ಆನ್ ಮಾಡಿದ ಹಾಗೆ. ಹಾಗಾಗಿ ಮೊದಲ ಪಾಠ, ಸೈಟ್ ತೆರೆಯುವ ಮೊದಲೇ ಪ್ಯಾನೆಲ್ ತೆರೆದಿರಬೇಕು, ದಿನವಿಡೀ ಒಂದು ಮೂಲೆಯಲ್ಲಿ ಬಿದ್ದಿರಲಿ.

ಎರಡನೆಯದು ಪ್ರಿಸರ್ವ್ ಲಾಗ್ ಅನ್ನೋ ಚೌಕ. ಫೈರ್‌ಫಾಕ್ಸ್‌ನಲ್ಲಿ ಇದೇ ಪರ್ಸಿಸ್ಟ್ ಲಾಗ್ಸ್. ಅದಕ್ಕೆ ಟಿಕ್ ಹಾಕದಿದ್ದರೆ ಇನ್ನೊಂದು ಪುಟಕ್ಕೆ ಹೋದ ಕೂಡಲೇ ಹಿಂದಿನದ್ದೆಲ್ಲ ಅಳಿಸಿಹೋಗುತ್ತದೆ. ಇದು ಮೊದಲಿನಿಂದ ಆಫ್ ಆಗೇ ಬರುತ್ತದೆ. ಪಟ್ಟಿ ಉದ್ದ ಆಗದಿರಲಿ ಅಂತ ಇರಬಹುದು, ಇರಲಿ.

ಮೂರನೆಯದು ಕ್ಯಾಶ್, ಅಂದರೆ ಒಮ್ಮೆ ಬಂದ ಫೈಲನ್ನು ಮತ್ತೆ ಬೇಕಾದೀತು ಅಂತ ಬ್ರೌಸರ್ ಎತ್ತಿಟ್ಟುಕೊಳ್ಳುವ ಜಾಗ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಒಂದು ಮಧ್ಯಾಹ್ನ ಮನೆಯ ಇಂಟರ್ನೆಟ್ ಕೈಕೊಟ್ಟಿತು. ಲ್ಯಾಪ್‌ಟಾಪ್‌ಗೆ ಫೋನಿನ ಹಾಟ್‌ಸ್ಪಾಟ್ ಕೊಟ್ಟುಕೊಂಡೆ. ಹಿಂದಿನ ದಿನದಿಂದ ಪ್ಯಾನೆಲ್ ತೆರೆದೇ ಇತ್ತು, ಅದೂ ಮುಚ್ಚಲು ಮರೆತಿದ್ದರಿಂದ. ಸೈಟ್ ತೆರೆದೆ. ಪಟ್ಟಿಯಲ್ಲಿ ಕೆಂಪು ಸಾಲುಗಳು. ಎಣಿಸಿದೆ, 11. ಎಲ್ಲದರ ಮುಂದೆ 404, ಅಂದರೆ ಕೇಳಿದ ಫೈಲ್ ಇಲ್ಲ ಅಂತ ಸರ್ವರ್ ಕೊಟ್ಟ ಉತ್ತರ. ಮೂರು ವಾರದಿಂದ ಜನ ಹೇಳುತ್ತಿದ್ದದ್ದನ್ನು ನಾನು ಮೊದಲ ಸಲ ನನ್ನ ಕಣ್ಣಾರೆ ನೋಡಿದ್ದು ಆಗ. ನಿಜ ಹೇಳುತ್ತೇನೆ, ಖುಷಿಯಾಯಿತು.

ಆದರೆ 11 ಯಾಕೆ? ಆ 11ರಲ್ಲಿ ಏನು ವಿಶೇಷ? ಎಷ್ಟು ನೋಡಿದರೂ ತಲೆಬುಡ ಸಿಗಲಿಲ್ಲ. ಆಮೇಲೆ ಸೈಜ್ ಅನ್ನೋ ಕಾಲಂ ಕಡೆ ಕಣ್ಣು ಹೋಯಿತು. ಸರಿಯಾಗಿ ಬಂದ ಕೆಲವು ಫೋಟೋಗಳ ಮುಂದೆ ಕೆಬಿ ಲೆಕ್ಕದ ಬದಲು ಡಿಸ್ಕ್ ಕ್ಯಾಶ್ ಅಂತ ಇತ್ತು. ಅಂದರೆ ಅವು ಸರ್ವರ್‌ನಿಂದ ಬಂದೇ ಇಲ್ಲ, ಹಿಂದೆ ವೈಫೈನಲ್ಲಿದ್ದಾಗ ಬಂದು ನನ್ನ ಲ್ಯಾಪ್‌ಟಾಪ್‌ನಲ್ಲೇ ಕೂತಿದ್ದವು. ಡಿಸೇಬಲ್ ಕ್ಯಾಶ್ ಟಿಕ್ ಮಾಡಿ ಮತ್ತೆ ಲೋಡ್ ಮಾಡಿದೆ. ಈಗ 22 ಕೆಂಪು ಸಾಲು. ಆ 22ನ್ನು ನೋಡಿದ ಕೂಡಲೇ ಗೊತ್ತಾಯಿತು, ಎಲ್ಲವೂ ಸರ್ವರ್ ಬದಲಾಯಿಸಿದ ಮೇಲೆ ಹಾಕಿದ ಫೋಟೋಗಳು. ಹಳೆಯ 18 ಒಂದೂ ಕೆಟ್ಟಿಲ್ಲ.

ನೋಡಿ, ಮೂರು ವಾರ "ಯಾವ ಫೋಟೋ ಬೇಕಾದರೂ ಹೋಗಬಹುದು" ಅಂತ ನಾವು ಅಂದುಕೊಂಡಿದ್ದು ಸುಮ್ನೆ. ಒಬ್ಬೊಬ್ಬರ ಕ್ಯಾಶ್‌ನಲ್ಲಿ ಒಂದೊಂದು ಫೋಟೋ ಉಳಿದುಕೊಂಡಿದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಫೋಟೋ ಕಾಣೆಯಾಗುತ್ತಿತ್ತು, ಅದು ಅಡ್ಡಾದಿಡ್ಡಿ ಆಗುತ್ತಿದೆ ಅಂತ ಅನ್ನಿಸುತ್ತಿತ್ತು.

ಆಮೇಲಿನದ್ದು ಪ್ಯಾನೆಲ್‌ನ ನಾಲ್ಕನೇ ಗುಟ್ಟು, ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ್ದು. ಕಾಲಂ ಹೆಸರುಗಳ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಇನ್ನಷ್ಟು ಕಾಲಂಗಳ ಪಟ್ಟಿ ಬರುತ್ತದೆ. ಅದರಲ್ಲಿ ರಿಮೋಟ್ ಅಡ್ರೆಸ್ ಅಂತ ಒಂದು. ಇಷ್ಟು ವರ್ಷ ನಾನು ಅದನ್ನು ಆನ್ ಮಾಡಿರಲೇ ಇಲ್ಲ. ಮಾಡಿದೆ. 404 ಬಂದ ಸಾಲುಗಳ ಮುಂದೆಲ್ಲ ಕೋಲನ್‌ಗಳು ತುಂಬಿದ ಉದ್ದನೆಯ ವಿಳಾಸ. ಅಷ್ಟರಲ್ಲಿ ಮನೆಯ ಇಂಟರ್ನೆಟ್ ವಾಪಸ್ ಬಂದಿತ್ತು. ವೈಫೈಗೆ ಹೋಗಿ ಅದೇ ಪುಟ ತೆರೆದೆ. ಈಗ ಚುಕ್ಕೆ ಇಟ್ಟ ನಾಲ್ಕು ಸಂಖ್ಯೆಗಳ ಪುಟ್ಟ ವಿಳಾಸ, ಎಲ್ಲಾ 40ಕ್ಕೂ 200, ಅಂದರೆ ಸರಿಯಾಗಿ ಬಂದಿದೆ.

ಇಂಟರ್ನೆಟ್ ವಿಳಾಸದಲ್ಲಿ ಎರಡು ಥರ, ಉದ್ದನೆಯದು ಐಪಿವಿ6, ಪುಟ್ಟದು ಐಪಿವಿ4. ಮೊಬೈಲ್ ಡೇಟಾದಲ್ಲಿ ಐಪಿವಿ6, ಮನೆಯಲ್ಲಿ ಐಪಿವಿ4. ಸರ್ವರ್ ಬದಲಾಯಿಸಿದಾಗ ಡಿಎನ್‌ಎಸ್‌ನಲ್ಲಿ, ಅಂದರೆ ಸೈಟ್ ಹೆಸರಿಗೆ ಸರ್ವರ್ ವಿಳಾಸ ಹೇಳುವ ಪಟ್ಟಿಯಲ್ಲಿ, ಐಪಿವಿ4ಗೆ ದಾರಿ ತೋರಿಸುವ ಎ ರೆಕಾರ್ಡ್ ಬದಲಾಯಿಸಿದ್ದೆ, ನಾಲ್ಕು ಎ ಇರುವ ಇನ್ನೊಂದು ರೆಕಾರ್ಡ್ ಇದೆಯಲ್ಲ, ಐಪಿವಿ6ಗೆ ದಾರಿ ತೋರಿಸುವುದು, ಅದನ್ನು ಮರೆತಿದ್ದೆ. ಅದು ಇನ್ನೂ ಹಳೆ ಸರ್ವರ್ ಕಡೆ ಬೆರಳು ತೋರಿಸುತ್ತಾ ಕೂತಿತ್ತು. ಹಳೆ ಸರ್ವರ್ ಕೂಡ ಪಾಪ ಕೆಲಸ ಮಾಡುತ್ತಲೇ ಇತ್ತು, ತನ್ನ ಹತ್ತಿರ ಇದ್ದ ಹಳೆ ಫೋಟೋ ಕೊಡುತ್ತಿತ್ತು, ಹೊಸದು ಕೇಳಿದರೆ "ಇಲ್ಲ" ಅನ್ನುತ್ತಿತ್ತು. ಜನರಿಗೆ ಸಂಜೆ ಯಾಕೆ ಸರಿಹೋಗುತ್ತಿತ್ತು ಅಂತ ಈಗ ಗೊತ್ತಾಯಿತಾ? ಮನೆಗೆ ಹೋಗಿ ವೈಫೈ ಹಿಡಿಯುತ್ತಿದ್ದರು.

ಇದರಲ್ಲಿ ನನಗೆ ನಗು ಬಂದ ವಿಷಯ ಒಂದಿದೆ. ಹಳೆ ಸರ್ವರ್ ಪೂರ್ತಿ ಆಫ್ ಮಾಡಿದ್ದರೆ ಈ ತೊಂದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಬ್ರೌಸರ್‌ಗಳಲ್ಲಿ ಹ್ಯಾಪಿ ಐಬಾಲ್ಸ್ ಅಂತ ಒಂದು ಉಪಾಯ ಇದೆ. ಐಪಿವಿ6 ಕಡೆ ಮೊದಲು ಬಾಗಿಲು ತಟ್ಟುತ್ತದೆ, ಸ್ವಲ್ಪ ಹೊತ್ತಿನಲ್ಲಿ ಉತ್ತರ ಬರದಿದ್ದರೆ ಐಪಿವಿ4 ಕಡೆಯೂ ತಟ್ಟುತ್ತದೆ, ಯಾರು ಮೊದಲು ತೆಗೆದರೋ ಅವರ ಜೊತೆ ಮಾತು. 2017ರ ಆರ್‌ಎಫ್‌ಸಿ 8305 ಅನ್ನೋ ಇಂಟರ್ನೆಟ್ ನಿಯಮದ ದಾಖಲೆ ಆ ಕಾಯುವ ಸಮಯವನ್ನು 250 ಮಿಲಿಸೆಕೆಂಡ್ ಇಡಿ ಅನ್ನುತ್ತದೆ. ಆದರೆ ಬಾಗಿಲು ತೆಗೆದವರು "ನೀವು ಕೇಳಿದ್ದು ನಮ್ಮಲ್ಲಿಲ್ಲ" ಅಂದರೆ ಬ್ರೌಸರ್ ಪಕ್ಕದ ಮನೆಗೆ ಹೋಗಿ ಕೇಳುವುದಿಲ್ಲ. 404 ಕೂಡ ಒಂದು ಉತ್ತರವೇ ಅಲ್ವಾ.

ಖಚಿತ ಮಾಡಿಕೊಳ್ಳಲು ಪ್ಯಾನೆಲ್‌ನಲ್ಲಿ ಒಂದು ಕೆಂಪು ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಆ್ಯಸ್ ಕರ್ಲ್ ಕೊಟ್ಟೆ. ಕರ್ಲ್ ಅಂದರೆ ಬ್ರೌಸರ್ ಇಲ್ಲದೆ ಕಮಾಂಡ್ ಕೊಟ್ಟು ಫೈಲ್ ತರಿಸುವ ಟೂಲ್. ಇದು ಈ ಪ್ಯಾನೆಲ್‌ನ ಸಕ್ಕತ್ ಸೌಲಭ್ಯ. ಬ್ರೌಸರ್ ಕಳಿಸಿದ ರಿಕ್ವೆಸ್ಟನ್ನು ಹೆಡರ್ (ಜೊತೆಗೆ ಹೋಗುವ ವಿವರಗಳು) ಸಮೇತ ಟರ್ಮಿನಲ್‌ನಲ್ಲಿ ಪೇಸ್ಟ್ ಮಾಡಿ ಎಷ್ಟು ಸಲ ಬೇಕಾದರೂ ಓಡಿಸಬಹುದು. ಹಾಟ್‌ಸ್ಪಾಟ್‌ನಲ್ಲಿ ಕೂತು ಅದರ ಕೊನೆಗೆ ಮೈನಸ್ 6 (ಐಪಿವಿ6ರಲ್ಲೇ ಹೋಗು) ಸೇರಿಸಿ ಓಡಿಸಿದರೆ 404, ಮೈನಸ್ 4 (ಐಪಿವಿ4ರಲ್ಲೇ ಹೋಗು) ಸೇರಿಸಿದರೆ 200. ಅಲ್ಲಿಗೆ ಮುಗಿಯಿತು. ಹೋಸ್ಟಿಂಗ್‌ನವರಿಗೆ ಮೂರು ಸಲ ಟಿಕೆಟ್ ಹಾಕಿದ್ದೆ, "ನಮ್ಮ ಕಡೆ ಎಲ್ಲಾ ಸರಿ ಇದೆ" ಅಂತ ಮೂರು ಸಲವೂ ಉತ್ತರ ಬಂದಿತ್ತು, ನಾನು ಮನಸ್ಸಲ್ಲೇ ಬೈದುಕೊಂಡಿದ್ದೆ. ಅವರ ಕಡೆ ನಿಜವಾಗಿಯೂ ಸರಿ ಇತ್ತು. ತಪ್ಪು ನನ್ನದೇ.

ರೆಕಾರ್ಡ್ ಸರಿಮಾಡಿದ ಮೇಲೂ ಮಾರನೇ ದಿನದವರೆಗೆ ಒಂದೆರಡು ದೂರು ಬಂದವು. ಅದರ ಟಿಟಿಎಲ್ 86400 ಸೆಕೆಂಡ್ ಇತ್ತು, ಅಂದರೆ ಒಂದು ಇಡೀ ದಿನ ಹಳೆ ಉತ್ತರವನ್ನೇ ನೆನಪಿಟ್ಟುಕೊಳ್ಳಿ ಅಂತ ನಾನೇ ಊರಿಗೆಲ್ಲ ಹೇಳಿಟ್ಟಿದ್ದೆ.

ಹಾಗಂತ ಎಲ್ಲರ ತೊಂದರೆಯೂ ಇದೇ ಇರಬೇಕಿಲ್ಲ. ಫೋಟೋ ಬಾರದಿರುವುದಕ್ಕೆ ಕಾರಣ ಬೇಕಾದಷ್ಟಿವೆ. ಪ್ಯಾನೆಲ್ ಚೆನ್ನಾಗಿ ಮಾಡುವ ಕೆಲಸ ಅಂದರೆ ಅವನ್ನು ಬೇರೆ ಬೇರೆ ಮಾಡಿ ತೋರಿಸುವುದು. ಒಂದೇ ಪುಟದಲ್ಲಿ ಫೋಟೋ ಜಾಸ್ತಿ ಇದ್ದು ಎಲ್ಲಾ ಒಟ್ಟಿಗೆ ಕೇಳಿದಾಗ ಸರ್ವರ್ "ನಿಧಾನ ಮಾರಾಯಾ" ಅಂದರೆ 429 ಕಾಣುತ್ತದೆ. ಫೋಟೋ ಮೇಲರ್ಧ ಬಂದು ಕೆಳಗರ್ಧ ಬೂದು ಬಣ್ಣಕ್ಕೆ ತಿರುಗಿದರೆ ಫೈಲ್ ಅರ್ಧಕ್ಕೇ ತುಂಡಾಗಿರುತ್ತದೆ, ಆಗ ಡೆವಲಪರ್ ಟೂಲ್ಸ್‌ನ ಕನ್ಸೋಲ್ ಟ್ಯಾಬ್‌ನಲ್ಲಿ ಕಂಟೆಂಟ್ ಲೆಂತ್ ಮಿಸ್‌ಮ್ಯಾಚ್ ಅಂತ ಸಿಗಬಹುದು. ಸಾಲು ಪೆಂಡಿಂಗ್ ಅಂತಲೇ ನೇತಾಡುತ್ತಿದ್ದರೆ ಟೈಮಿಂಗ್ ಟ್ಯಾಬ್ ನೋಡಿ. ಹಳೆ ಎಚ್‌ಟಿಟಿಪಿ 1.1ನಲ್ಲಿ ಕ್ರೋಮ್ ಒಂದು ಸರ್ವರ್‌ಗೆ ಒಟ್ಟಿಗೆ ಆರು ಕನೆಕ್ಷನ್ ಮಾತ್ರ ಇಟ್ಟುಕೊಳ್ಳುತ್ತದೆ, ಏಳನೆಯವರು ಕ್ಯೂನಲ್ಲಿ ನಿಲ್ಲಬೇಕು. ಅದು ಅಲ್ಲಿ ಸ್ಟಾಲ್ಡ್ ಅಂತ ಕಾಣುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಸುಳ್ಳು 200. ಸರ್ವರ್‌ಗೆ ಒಳಗೆ ಏನೋ ಆಗಿದೆ, ಆದರೆ ಅದು 500 (ನನ್ನಲ್ಲೇ ಏನೋ ಕೆಟ್ಟಿದೆ) ಅನ್ನದೆ "ಕ್ಷಮಿಸಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಅನ್ನೋ ಪುಟವನ್ನೇ 200 ಹಾಕಿ ಕಳಿಸುತ್ತದೆ. ಬ್ರೌಸರ್ ಫೋಟೋ ಕೇಳಿದೆ, ಕೈಗೆ ಬಂದಿದ್ದು ಎಚ್‌ಟಿಎಂಎಲ್. ಪರದೆ ಮೇಲೆ ಒಡೆದ ಫೋಟೋ, ಪ್ಯಾನೆಲ್‌ನಲ್ಲಿ ಮಾತ್ರ ಕೆಂಪೇ ಇಲ್ಲ, ಎಲ್ಲಾ ಶಾಂತ. ಟೈಪ್ ಕಾಲಂ ನೋಡಿ, ಆ ಸಾಲಿನ ಮೇಲೆ ಕ್ಲಿಕ್ ಮಾಡಿ ಕಂಟೆಂಟ್ ಟೈಪ್ ಹೆಡರ್ ನೋಡಿದರೇನೇ ಸಿಗುವುದು. ಈ ಜಾಗದಲ್ಲಿ ಪ್ಯಾನೆಲ್ ಸ್ವಲ್ಪ ಗಲಾಟೆ ಮಾಡಬೇಕಿತ್ತು ಅಂತ ನನ್ನ ಅಭಿಪ್ರಾಯ. ಫೋಟೋ ಅಂತ ಕೇಳಿದ್ದಕ್ಕೆ ಪುಟ ಬಂದರೆ ಅದನ್ನು ಹಳದಿ ಬಣ್ಣದಲ್ಲಾದರೂ ತೋರಿಸಬಹುದಲ್ವಾ?

ಡಿಸೇಬಲ್ ಕ್ಯಾಶ್ ಬಗ್ಗೆ ಒಂದು ಎಚ್ಚರಿಕೆ. ನನಗೆ ಅದು ಕಾರಣ ತೋರಿಸಿಕೊಟ್ಟಿತು. ನಿಮಗೆ ಅದೇ ಕಾರಣವನ್ನು ಮುಚ್ಚಿಡಬಹುದು. ಮಧ್ಯದಲ್ಲಿ ಸಿಡಿಎನ್ (ಫೈಲ್‌ಗಳ ನಕಲು ಇಟ್ಟುಕೊಂಡು ನೋಡುವವರ ಹತ್ತಿರದಿಂದಲೇ ಕೊಡುವ ಸರ್ವರ್‌ಗಳ ಜಾಲ) ಇದ್ದರೆ ಅದು ಫೋಟೋದ ಜೊತೆಗೆ 404ನ್ನೂ ನೆನಪಿಟ್ಟುಕೊಳ್ಳಬಹುದು, ಎಚ್‌ಟಿಟಿಪಿ ನಿಯಮದಲ್ಲೇ ಅದಕ್ಕೆ ಅವಕಾಶ ಇದೆ. ಫೋಟೋ ಅಪ್‌ಲೋಡ್ ಆಗುವ ಒಂದು ಕ್ಷಣ ಮೊದಲು ಯಾರೋ ಆ ಪುಟ ತೆರೆದರು ಅನ್ನಿ, ಆ ಜಾಗದ ಸಿಡಿಎನ್ "ಇಲ್ಲ" ಅನ್ನೋದನ್ನು ಹಿಡಿದಿಟ್ಟುಕೊಂಡು ಆಮೇಲೆ ಬಂದವರಿಗೆಲ್ಲ ಅದನ್ನೇ ಕೊಡುತ್ತದೆ. ಈ ಚೌಕಕ್ಕೆ ಟಿಕ್ ಹಾಕಿದಾಗ ಬ್ರೌಸರ್ ಪ್ರತಿ ರಿಕ್ವೆಸ್ಟ್ ಜೊತೆ ನೋ ಕ್ಯಾಶ್ ಅಂತ ಚೀಟಿ ಇಟ್ಟು ಕಳಿಸುತ್ತದೆ. ಆ ಚೀಟಿಗೆ ಮರ್ಯಾದೆ ಕೊಡುವ ಹಾಗೆ ಸಿಡಿಎನ್ ಸೆಟ್ ಆಗಿದ್ದರೆ ಹೊಸದಾಗಿ ಹೋಗಿ ಫೋಟೋ ತಂದುಕೊಡುತ್ತದೆ, ನಿಮಗೆ ತೊಂದರೆಯೇ ಕಾಣುವುದಿಲ್ಲ. ಅದಕ್ಕೇ ಎರಡೂ ಥರ ನೋಡಿ, ಟಿಕ್ ಹಾಕಿ ಒಮ್ಮೆ, ತೆಗೆದು ಒಮ್ಮೆ. ಉತ್ತರದಲ್ಲಿ ಏಜ್ ಅನ್ನೋ ಹೆಡರ್ ಇದ್ದರೆ ಅದು ಎಷ್ಟು ಸೆಕೆಂಡ್ ಹಳೆಯದು ಅಂತ ಹೇಳುತ್ತದೆ. ಹಳಸಲು ಅನ್ನ ಗುರುತಿಸುವ ಹಾಗೆ ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನು ಪ್ಯಾನೆಲ್‌ಗೆ ಆಗದ ಕೆಲಸ. ಅದು ನನ್ನ ಕುರ್ಚಿಯಿಂದ ಕಾಣುವುದನ್ನು ಮಾತ್ರ ಹೇಳುತ್ತದೆ. ತೊಂದರೆ ಇರುವುದು ಇನ್ನೊಬ್ಬರ ಫೋನಿನಲ್ಲಿ. ಅವರು ಕಂಪ್ಯೂಟರ್‌ನಲ್ಲಿದ್ದರೆ ಒಂದು ದಾರಿ ಇದೆ, ಪ್ಯಾನೆಲ್‌ನಲ್ಲಿ ಬಂದದ್ದನ್ನೆಲ್ಲ ಎಚ್‌ಎಆರ್ ಫೈಲ್ ಆಗಿ ಸೇವ್ ಮಾಡಿ ಕಳಿಸಿ ಅನ್ನಬಹುದು, ಅದನ್ನು ನನ್ನ ಪ್ಯಾನೆಲ್‌ಗೆ ಎಳೆದು ಹಾಕಿದರೆ ಅವರು ಕಂಡದ್ದು ನನಗೂ ಕಾಣುತ್ತದೆ. ಮೊದಲು ಈ ಫೈಲ್‌ನಲ್ಲಿ ಕುಕೀಗಳೂ ಸೇರಿಕೊಂಡು ಹೋಗುತ್ತಿದ್ದವು, ಅಂದರೆ ಲಾಗಿನ್ ಬೀಗದ ಕೈ ಕೊಟ್ಟ ಹಾಗೆ. ಕ್ರೋಮ್ 130ರಿಂದ ಅವನ್ನು ತೆಗೆದು ಕಳಿಸುವುದೇ ಮಾಮೂಲಿ ಆಗಿದೆ, ಒಳ್ಳೆಯದಾಯಿತು. ಆದರೆ ದೂರು ಕೊಡುವವರಲ್ಲಿ ಹೆಚ್ಚಿನವರು ಫೋನಿನಲ್ಲಿ ನೋಡುವವರು. ಫೋನಿನಲ್ಲಿ ಎಫ್12 ಎಲ್ಲಿಂದ ತರುವುದು? ಯುಎಸ್‌ಬಿ ಹಾಕಿ, ಡೆವಲಪರ್ ಆಪ್ಷನ್ ಆನ್ ಮಾಡಿ, ಕಂಪ್ಯೂಟರ್‌ನಿಂದ ನೋಡಿ ಅಂತ ಹಕ್ಕಿ ನೋಡಲು ಬಂದವರಿಗೆ ಹೇಳಿದರೆ ಅವರು ಇನ್ನೊಂದು ಸೈಟ್ ಹುಡುಕಿಕೊಳ್ಳುತ್ತಾರೆ. ಅವರಿಗೆ ನಾನೀಗ ಕೇಳುವುದು ಒಂದೇ ಪ್ರಶ್ನೆ, "ವೈಫೈನಾ, ಮೊಬೈಲ್ ಡೇಟಾನಾ?"

ಕ್ರೋಮ್‌ನದ್ದೋ ಫೈರ್‌ಫಾಕ್ಸ್‌ನದ್ದೋ ಅಂದರೆ, ದಿನದ ಕೆಲಸಕ್ಕೆ ನಾನು ಕ್ರೋಮ್‌ನದ್ದೇ ಬಳಸುತ್ತೇನೆ. ಅದರ ಫಿಲ್ಟರ್ ಡಬ್ಬಿಯಲ್ಲಿ ಸ್ಟೇಟಸ್ ಕೋಡ್ 404 ಅಂತ ಕೇಳಿದರೆ ಅವಷ್ಟೇ ಉಳಿಯುತ್ತವೆ, ಮುಂದೆ ಮೈನಸ್ ಹಾಕಿ 200 ಅಂದರೆ ಸರಿಯಾಗಿ ಬಂದವೆಲ್ಲ ಮಾಯ. ಫೈರ್‌ಫಾಕ್ಸ್ ಒಂದು ವಿಷಯದಲ್ಲಿ ಮೇಲು. ಯಾವುದಾದರೂ ಎಕ್ಸ್‌ಟೆನ್ಷನ್ ಫೈಲನ್ನು ತಡೆದರೆ ಕ್ರೋಮ್ ಬ್ಲಾಕ್ಡ್ ಬೈ ಕ್ಲೈಂಟ್ ಅಂದು ಸುಮ್ಮನಾಗುತ್ತದೆ, ಫೈರ್‌ಫಾಕ್ಸ್ ತಡೆದ ಎಕ್ಸ್‌ಟೆನ್ಷನ್ ಹೆಸರನ್ನೂ ಹೇಳುತ್ತದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಳೆದ ಆ ಒಂದು ಸ್ಟಾರ್, ಮೊದಲೇ ಆನ್ ಆಗಿರಬೇಕಾದದ್ದನ್ನೆಲ್ಲ ಆಫ್ ಮಾಡಿಟ್ಟಿರುವುದಕ್ಕೆ.

ಆ ಎಕ್ಸ್‌ಟೆನ್ಷನ್ ವಿಷಯ ಸುಮ್ನೆ ಹೇಳಿದ್ದಲ್ಲ. ಡಿಎನ್‌ಎಸ್ ಸರಿಯಾದ ಮೇಲೂ ಒಬ್ಬರದ್ದು ಮಾತ್ರ ದೂರು ನಿಲ್ಲಲಿಲ್ಲ. ವೈಫೈನಲ್ಲೂ ಬರಲ್ಲ, ಡೇಟಾದಲ್ಲೂ ಬರಲ್ಲ, ಅದೂ ಕೆಲವೇ ಫೋಟೋ. ಪುಣ್ಯಕ್ಕೆ ಅವರು ಲ್ಯಾಪ್‌ಟಾಪ್‌ನಲ್ಲಿ ಫೈರ್‌ಫಾಕ್ಸ್ ಬಳಸುವವರು. ಫೋನಿನಲ್ಲೇ ಹೇಳಿಕೊಡುತ್ತಾ ಪ್ಯಾನೆಲ್ ತೆಗೆಸಿದೆ, ಆ ಸಾಲಿನ ಮುಂದೆ ಏನಿದೆ ಓದಿ ಅಂದೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ನ ಹೆಸರು ಓದಿದರು. ನಮ್ಮ ಸೈಟ್‌ನಲ್ಲಿ ಜಾಹೀರಾತೇ ಇಲ್ಲವಲ್ಲ ಅಂತ ಫೋಲ್ಡರ್ ಹೆಸರು ನೋಡಿದೆ. ಮರಿ ಹಕ್ಕಿಗಳಿಗೆ ಒಂದು ಫೋಲ್ಡರ್, ಬೆಳೆದ ಹಕ್ಕಿಗಳಿಗೆ ಒಂದು. ಅಡಲ್ಟ್ಸ್ ಅನ್ನೋದನ್ನು ಚಿಕ್ಕದು ಮಾಡಿ ನಾನೇ ಎಂದೋ ಅದಕ್ಕೆ ಆ್ಯಡ್ಸ್ ಅಂತ ಹೆಸರಿಟ್ಟಿದ್ದೆ.